ಈಜಿಪ್ಟಿನ ಸ್ಕ್ಯಾರಬ್ ತಾಯತಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂಸಿಯಂನ ಈಜಿಪ್ಟ್ ಕೋಣೆಗೆ ಹೋದವರಲ್ಲಿ ಹೆಚ್ಚಿನವರು ಮಮ್ಮಿ ನೋಡಿ ಹೊರಟುಬಿಡುತ್ತಾರೆ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಹುಣಿಸೆ ಬೀಜದಷ್ಟು ಚಿಕ್ಕ ಕಲ್ಲಿನ ಹುಳಗಳು ಸಾಲಾಗಿ ಕೂತಿರುತ್ತವೆ. ಅವುಗಳ ಮುಂದೆ ನಿಲ್ಲುವವರು ಕಡಿಮೆ. ನಿಂತವರು ಕೇಳುವ ಪ್ರಶ್ನೆಗಳು ಮಾತ್ರ ಬಹಳ ಚೆನ್ನಾಗಿರುತ್ತವೆ. ಅವನ್ನು ಇಲ್ಲಿ ಒಟ್ಟು ಮಾಡಿ ಉತ್ತರ ಬರೆದಿದ್ದೇನೆ.

ಸ್ಕ್ಯಾರಬ್ ಅಂದರೆ ಏನು?

ಸಗಣಿ ಹುಳದ ಆಕಾರದಲ್ಲಿ ಕೆತ್ತಿದ ಚಿಕ್ಕ ತಾಯತ. ಮೇಲ್ಭಾಗ ಉಬ್ಬಿರುತ್ತದೆ. ಅಲ್ಲಿ ಹುಳದ ತಲೆ, ಕತ್ತು, ರೆಕ್ಕೆಗಳ ಗೆರೆ ಕಾಣುತ್ತವೆ. ಕೆಳಭಾಗ ಚಪ್ಪಟೆ. ಅಲ್ಲಿ ಅಕ್ಷರವೋ ಚಿತ್ರವೋ ಇರುತ್ತದೆ. ತಲೆಯಿಂದ ಬಾಲದವರೆಗೆ ಉದ್ದಕ್ಕೆ ಒಂದು ತೂತು ಕೊರೆದಿರುತ್ತಾರೆ. ಅದರಲ್ಲಿ ದಾರ ಪೋಣಿಸಿ ಕೊರಳಿಗೋ ಮಣಿಕಟ್ಟಿಗೋ ಕಟ್ಟಿಕೊಳ್ಳುತ್ತಿದ್ದರು. ತಂತಿ ಸೇರಿಸಿ ಉಂಗುರವನ್ನೂ ಮಾಡುತ್ತಿದ್ದರು. ಸಾಮಾನ್ಯವಾಗಿ ಉದ್ದ ಒಂದರಿಂದ ಎರಡೂವರೆ ಸೆಂಟಿಮೀಟರ್.

ಅಷ್ಟೊಂದು ಪ್ರಾಣಿಗಳಿರುವಾಗ ಸಗಣಿ ಹುಳವೇ ಏಕೆ?

ಈ ಹುಳ ಸಗಣಿಯನ್ನು ಉಂಡೆ ಮಾಡಿ, ಹಿಂಗಾಲಿನಿಂದ ತಳ್ಳುತ್ತಾ ಹೋಗುತ್ತದೆ. ಈಜಿಪ್ಟಿನವರು ಇದನ್ನು ದಿನವೂ ನೋಡುತ್ತಿದ್ದರು. ಆಕಾಶದಲ್ಲಿ ಸೂರ್ಯನ ಉಂಡೆಯನ್ನೂ ಯಾರೋ ಹೀಗೇ ಉರುಳಿಸುತ್ತಿರಬೇಕು ಎಂದು ಅವರಿಗೆ ಅನ್ನಿಸಿತು. ಬೆಳಗಿನ ಸೂರ್ಯನಿಗೆ ಖೆಪ್ರಿ ಎಂಬ ದೇವರ ರೂಪ ಕೊಟ್ಟರು. ಚಿತ್ರಗಳಲ್ಲಿ ಖೆಪ್ರಿಗೆ ಕೆಲವೊಮ್ಮೆ ಮನುಷ್ಯನ ಮೈ ಇರುತ್ತದೆ, ಮುಖದ ಜಾಗದಲ್ಲಿ ಇಡೀ ಹುಳವೇ ಕೂತಿರುತ್ತದೆ.

ಇನ್ನೊಂದು ಕಾರಣವೂ ಇದೆ. ನೆಲದೊಳಗೆ ಹೂತ ಉಂಡೆಯಿಂದ ಹೊಸ ಹುಳ ತಾನಾಗಿ ಎದ್ದು ಬಂದಂತೆ ಕಾಣುತ್ತದೆ. ಸತ್ತವರು ಮತ್ತೆ ಏಳುತ್ತಾರೆ ಎಂದು ಗಟ್ಟಿಯಾಗಿ ನಂಬಿದ್ದ ಜನಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿರಲಿಲ್ಲ. ಅವರ ಲಿಪಿಯಲ್ಲಿ 'ಹುಟ್ಟಿ ಬರುವುದು, ರೂಪ ತಾಳುವುದು' ಎಂಬುದನ್ನು ಬರೆಯಲು ಇದೇ ಹುಳದ ಚಿತ್ರ ಬಳಸುತ್ತಿದ್ದರು.

ಆ ಹುಳ ನಿಜವಾಗಿ ಉಂಡೆಯಿಂದಲೇ ಹುಟ್ಟುತ್ತದೆಯಾ?

ಉಂಡೆಯಿಂದ ಹೊರಬರುವುದು ನಿಜ. ಆದರೆ ಒಳಗೆ ಮೊಟ್ಟೆ ಇಟ್ಟಿರುವುದು ಹೆಣ್ಣು ಹುಳ. ಈ ಹುಳಗಳಲ್ಲಿ ಹೆಣ್ಣೇ ಇಲ್ಲ, ಗಂಡು ಒಂದೇ ಸಂತಾನ ಪಡೆಯುತ್ತದೆ ಎಂದು ಈಜಿಪ್ಟಿನವರು ನಂಬಿದ್ದರಂತೆ. ಗ್ರೀಕ್ ಲೇಖಕ ಪ್ಲುಟಾರ್ಕ್ ಇದನ್ನು ದಾಖಲಿಸಿದ್ದಾನೆ. 19ನೇ ಶತಮಾನದ ಕೊನೆಗೆ ಫ್ರಾನ್ಸಿನ ಕೀಟಶಾಸ್ತ್ರಜ್ಞ ಫಾಬ್ರೆ ತಾಳ್ಮೆಯಿಂದ ನೋಡಿ ವಿಷಯ ಬಿಡಿಸಿದ. ನಾವು ಹೊರಗೆ ನೋಡುವ, ಉರುಳುವ ಉಂಡೆ ಸಾಮಾನ್ಯವಾಗಿ ತಿನ್ನುವುದಕ್ಕೆ. ಮೊಟ್ಟೆ ಇಡುವ ಉಂಡೆಯನ್ನು ಹೆಣ್ಣು ನೆಲದೊಳಗೆ ಪೇರಳೆ ಹಣ್ಣಿನ ಆಕಾರದಲ್ಲಿ ತಿದ್ದುತ್ತದೆ.

ಸೂರ್ಯನ ನಂಟಿನ ವಿಚಾರದಲ್ಲಿ ಮಾತ್ರ ಈಜಿಪ್ಟಿನವರು ಪೂರ್ತಿ ತಪ್ಪಿರಲಿಲ್ಲ. ಈ ಜಾತಿಯ ಹುಳಗಳು ನೇರ ದಾರಿ ಹಿಡಿಯಲು ಸೂರ್ಯನನ್ನು ನೋಡುತ್ತವೆ. ರಾತ್ರಿ ಓಡಾಡುವ ಒಂದು ಆಫ್ರಿಕನ್ ಜಾತಿ ಆಕಾಶಗಂಗೆಯ ಬೆಳಕನ್ನು ಹಿಡಿದು ದಿಕ್ಕು ಕಾಯ್ದುಕೊಳ್ಳುತ್ತದೆ ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಓದಿದಾಗ ನನಗೆ ಮೈ ಜುಮ್ಮೆಂದಿತು.

ಇವು ಎಷ್ಟು ಹಳೆಯವು?

ಕ್ರಿ.ಪೂ. 2100ರ ಹೊತ್ತಿಗೆ ಸ್ಕ್ಯಾರಬ್ ಕಾಣಿಸಿಕೊಳ್ಳುತ್ತದೆ. ಅಂದರೆ ಗೀಜಾದ ದೊಡ್ಡ ಪಿರಮಿಡ್ ಕಟ್ಟಿ ನಾಲ್ಕೈದು ನೂರು ವರ್ಷ ಆದ ಮೇಲೆ. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಸಾವಿರ ವರ್ಷ ನಿಲ್ಲಿಸದೆ ಮಾಡಿದರು.

ಮೊದಮೊದಲಿನ ಕಾಲದ ಒಂದು ಉದಾಹರಣೆ ನನಗೆ ಬಹಳ ಇಷ್ಟ. ವಾಹ್ ಎಂಬವನು ಮೆಕೆತ್ರೆ ಎಂಬ ದೊಡ್ಡ ಅಧಿಕಾರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ. ಕಾಲ ಸುಮಾರು ಕ್ರಿ.ಪೂ. 1980. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರಿಗೆ 1920ರಲ್ಲಿ ಅವನ ಸಮಾಧಿ ಸಿಕ್ಕಿತು. ಮಮ್ಮಿಯನ್ನು ಬಿಚ್ಚದೆ ಹಾಗೇ ಇಟ್ಟಿದ್ದರು. ಸುಮಾರು 20 ವರ್ಷ ಆದ ಮೇಲೆ ಎಕ್ಸ್‌ರೇ ತೆಗೆದಾಗ ಬಟ್ಟೆಯ ಸುತ್ತುಗಳ ಒಳಗೆ ಒಡವೆಗಳು ಕಂಡವು. 1940ರಲ್ಲಿ ಬಿಚ್ಚಿದರು. ಅದರಲ್ಲಿ ಬೆಳ್ಳಿಯ ಸ್ಕ್ಯಾರಬ್‌ಗಳಿದ್ದವು. ಒಂದರ ಬೆನ್ನಿನ ಮೇಲೆ ವಾಹ್‌ನ ಹೆಸರೂ ಇದೆ, ಯಜಮಾನ ಮೆಕೆತ್ರೆಯ ಹೆಸರೂ ಇದೆ. ಆಗಿನ ಈಜಿಪ್ಟಿನಲ್ಲಿ ಬೆಳ್ಳಿ ಸುಲಭಕ್ಕೆ ಸಿಗುವ ವಸ್ತು ಆಗಿರಲಿಲ್ಲ. ಉಗ್ರಾಣ ನೋಡಿಕೊಳ್ಳುವವನಿಗೆ ಆ ಮನೆಯಲ್ಲಿ ಎಷ್ಟು ಬೆಲೆ ಇತ್ತು ಎಂದು ಇದರಿಂದ ತಿಳಿಯುತ್ತದೆ.

ಯಾವುದರಿಂದ ಮಾಡುತ್ತಿದ್ದರು?

ಜಾಸ್ತಿ ಸಿಗುವುದು ಬಳಪದ ಕಲ್ಲಿನವು. ಬೇಲೂರು, ಹಳೇಬೀಡು ನೋಡಿದವರಿಗೆ ಈ ಬಗೆಯ ಕಲ್ಲಿನ ಗುಣ ಗೊತ್ತಿರುತ್ತದೆ. ಹೊಯ್ಸಳ ಶಿಲ್ಪಿಗಳು ಅಷ್ಟು ಸೂಕ್ಷ್ಮವಾಗಿ ಕೆತ್ತಲು ಸಾಧ್ಯವಾಗಿದ್ದು ಅದು ಮೆದು ಕಲ್ಲು ಎಂಬ ಕಾರಣಕ್ಕೆ. ಈಜಿಪ್ಟಿನ ಕುಶಲಕರ್ಮಿಗಳಿಗೂ ಅದೇ ಅನುಕೂಲ. ಒಂದೂವರೆ ಸೆಂಟಿಮೀಟರ್ ಜಾಗದಲ್ಲಿ ಆರೆಂಟು ಅಕ್ಷರ ಕೊರೆಯಬೇಕಾದರೆ ಕಲ್ಲು ಮಾತು ಕೇಳಬೇಕು.

ಆದರೆ ಮೆದು ಕಲ್ಲು ಬೇಗ ಸವೆಯುತ್ತದೆ ಅಲ್ವಾ? ಅದಕ್ಕೆ ಅವರು ಬೆಂಕಿ ಬಳಸಿದರು. ಕೆತ್ತಿದ ಮೇಲೆ ಹಸಿರು ಅಥವಾ ನೀಲಿ ಮೆರುಗಿನ ಲೇಪ ಕೊಟ್ಟು ಗೂಡಿನಲ್ಲಿ ಸುಡುತ್ತಿದ್ದರು. ಹೆಚ್ಚಿನ ಶಾಖಕ್ಕೆ ಕಲ್ಲಿನೊಳಗಿನ ಖನಿಜವೇ ಬದಲಾಗಿ, ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತಿದ್ದ ಕಲ್ಲು ಗಟ್ಟಿಯಾಗುತ್ತದೆ. ಹರಪ್ಪದ ಜನರೂ ತಮ್ಮ ಮುದ್ರೆಗಳನ್ನು ಇದೇ ಜಾತಿಯ ಕಲ್ಲಿನಲ್ಲಿ ಕೆತ್ತಿ ಸುಡುತ್ತಿದ್ದರು.

ಇನ್ನೊಂದು ವಸ್ತು ಫೈಯನ್ಸ್. ಬೆಣಚು ಕಲ್ಲಿನ ಪುಡಿಗೆ ಸುಣ್ಣ, ಕ್ಷಾರ, ತಾಮ್ರದ ಅಂಶ ಸೇರಿಸಿ, ಅಚ್ಚಿನಲ್ಲಿ ಒತ್ತಿ ಸುಟ್ಟರೆ ನೀಲಿ ಹೊಳಪು ಬರುತ್ತದೆ. ಇದು ಅಗ್ಗ, ಒಂದೇ ಅಚ್ಚಿನಲ್ಲಿ ನೂರಾರು ತೆಗೆಯಬಹುದಿತ್ತು. ದುಡ್ಡಿದ್ದವರಿಗೆ ಅಮೆಥಿಸ್ಟ್, ಕಾರ್ನೀಲಿಯನ್, ಜಾಸ್ಪರ್, ಲಾಪಿಸ್ ಲಾಜುಲಿ, ಚಿನ್ನ ಇದ್ದವು.

ಮ್ಯೂಸಿಯಂನಲ್ಲಿ ಬಿಳಿ ಅಥವಾ ಕಂದು ಬಣ್ಣದ ಸ್ಕ್ಯಾರಬ್ ಕಂಡರೆ ಅದು ಮೊದಲಿನಿಂದ ಹಾಗೇ ಇತ್ತು ಅಂದುಕೊಳ್ಳಬೇಡಿ. ಹೆಚ್ಚಿನವುಗಳ ಮೆರುಗು ಉದುರಿಹೋಗಿದೆ. ಗೆರೆಗಳ ಸಂದಿಯಲ್ಲಿ ಹಸಿರಿನ ಚೂರು ಉಳಿದಿದೆಯಾ ಎಂದು ಬಗ್ಗಿ ನೋಡಿ. ಎಷ್ಟೋ ಸಲ ಸಿಗುತ್ತದೆ.

ಕೆಳಗಡೆ ಏನು ಬರೆದಿರುತ್ತದೆ?

ಸ್ಕ್ಯಾರಬ್‌ನ ಜೀವ ಇರುವುದು ಅಲ್ಲೇ. ಕೆಲವದರಲ್ಲಿ ಅಧಿಕಾರಿಯ ಹೆಸರು ಮತ್ತು ಹುದ್ದೆ ಇರುತ್ತದೆ. ಕೆಲವದರಲ್ಲಿ ರಾಜನ ಹೆಸರು. ಕೆಲವದರಲ್ಲಿ ದೇವರ ಹೆಸರು ಅಥವಾ ಒಂದು ಸಾಲಿನ ಹಾರೈಕೆ. ಬರೀ ಸುರುಳಿ ವಿನ್ಯಾಸ, ಹಾವು, ಸಿಂಹ, ಮೊಸಳೆ, ಹೂವು ಇರುವಂಥವು ರಾಶಿ ರಾಶಿ ಇವೆ. ಏನೂ ಬರೆಯದೆ ನುಣುಪಾಗಿ ಬಿಟ್ಟವೂ ಇವೆ.

ಹುದ್ದೆ ಬರೆದ ಸ್ಕ್ಯಾರಬ್‌ಗಳು ಇತಿಹಾಸಕಾರರಿಗೆ ಬಹಳ ದೊಡ್ಡ ಆಸ್ತಿ. ದೇವಸ್ಥಾನದ ಗೋಡೆಯಲ್ಲಿ ರಾಜರು ಮಾತಾಡುತ್ತಾರೆ. ಇಲ್ಲಿ ಖಜಾನೆಯವನು, ಬಾಗಿಲು ಕಾಯುವವನು, ಮನೆಯ ಯಜಮಾನಿ ಕಾಣುತ್ತಾರೆ. ಬೇರೆಲ್ಲೂ ಹೆಸರು ಉಳಿಯದ ಎಷ್ಟೋ ಜನ ಈ ಚಿಕ್ಕ ಕಲ್ಲಿನ ತಳದಲ್ಲಷ್ಟೇ ಉಳಿದಿದ್ದಾರೆ.

ಹಾಗಾದರೆ ಇದು ತಾಯತವೋ, ಮುದ್ರೆಯೋ?

ಎರಡೂ. ಆಗ ಬೀಗ ಹಾಕುವ ಬದಲು ಜೇಡಿಮಣ್ಣು ಒತ್ತುತ್ತಿದ್ದರು. ಪೆಟ್ಟಿಗೆಯ ಮುಚ್ಚಳಕ್ಕೊಂದು ಗುಬುಟು, ಪೆಟ್ಟಿಗೆಗೊಂದು ಗುಬುಟು. ಎರಡಕ್ಕೂ ದಾರ ಸುತ್ತಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ, ಸ್ಕ್ಯಾರಬ್‌ನ ತಳ ಒತ್ತುವುದು. ಮಣ್ಣು ಒಡೆಯದೆ ಪೆಟ್ಟಿಗೆ ತೆಗೆಯಲು ಆಗುವುದಿಲ್ಲ. ಪತ್ರ, ಚೀಲ, ಗಡಿಗೆ, ಬಾಗಿಲು ಎಲ್ಲಕ್ಕೂ ಇದೇ ಕ್ರಮ.

ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾ ನಾಡಿನಲ್ಲಿ ಈಜಿಪ್ಟಿನವರು ಕಟ್ಟಿದ ಉರೊನಾರ್ತಿ ಎಂಬ ಕೋಟೆಯಲ್ಲಿ ಹೀಗೆ ಒಡೆದು ಬಿಸಾಡಿದ ಮುದ್ರೆಮಣ್ಣಿನ ತುಂಡುಗಳು ಸಾವಿರಾರು ಸಿಕ್ಕಿವೆ. ಧಾನ್ಯ ಎಲ್ಲಿಂದ ಬಂತು, ಯಾರು ಎಣಿಸಿಕೊಂಡರು, ಯಾವ ಕಚೇರಿಯ ಪತ್ರ ಯಾವ ಕಚೇರಿಗೆ ಹೋಯಿತು ಎಂಬುದೆಲ್ಲ ಆ ಕಸದಿಂದ ಗೊತ್ತಾಗುತ್ತದೆ. ಮಾಲೀಕ ಸತ್ತಾಗ ಅದೇ ಮುದ್ರೆ ಅವನ ಜೊತೆ ಸಮಾಧಿಗೆ ಹೋಗಿ ಕಾವಲಿನ ತಾಯತವಾಗುತ್ತಿತ್ತು. ಎಲ್ಲಾ ಸ್ಕ್ಯಾರಬ್‌ಗಳನ್ನೂ ಮುದ್ರೆಯಾಗಿ ಬಳಸಲಿಲ್ಲ. ಎಷ್ಟೋ ಜನ ಸುಮ್ನೆ ಒಳ್ಳೆಯದಾಗಲಿ ಎಂದು ಕಟ್ಟಿಕೊಳ್ಳುತ್ತಿದ್ದರು.

ಹೃದಯದ ಸ್ಕ್ಯಾರಬ್ ಅಂದರೆ ಯಾವುದು?

ಮಾಮೂಲಿಗಿಂತ ದೊಡ್ಡದು, ಸಾಮಾನ್ಯವಾಗಿ ಹಸಿರು ಅಥವಾ ಕಪ್ಪು ಕಲ್ಲಿನದು. ಸತ್ತವರ ಎದೆಯ ಮೇಲೆ ಇಡುವುದಕ್ಕೆಂದೇ ಮಾಡಿದ್ದು.

ಇದರ ಹಿಂದಿನ ಭಯ ಬಹಳ ಮನುಷ್ಯ ಸಹಜವಾದದ್ದು. ಸತ್ತ ಮೇಲೆ ಒಸಿರಿಸ್ ದೇವರ ಎದುರು ತಕ್ಕಡಿ ಇಡುತ್ತಾರೆ. ಒಂದು ತಟ್ಟೆಯಲ್ಲಿ ಸತ್ತವರ ಹೃದಯ, ಇನ್ನೊಂದರಲ್ಲಿ ಸತ್ಯದ ದೇವತೆ ಮಾತ್‌ಳ ಗರಿ. ಹೃದಯ ಭಾರವಾದರೆ ಪಕ್ಕದಲ್ಲೇ ಕಾದಿರುವ ಪ್ರಾಣಿ ಅದನ್ನು ತಿಂದುಬಿಡುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು. ಈಜಿಪ್ಟಿನವರ ಪಾಲಿಗೆ ನೆನಪು, ಬುದ್ಧಿ ಎಲ್ಲವೂ ಹೃದಯದಲ್ಲೇ ಇರುವುದು. ಮಮ್ಮಿ ಮಾಡುವಾಗ ಮೆದುಳನ್ನು ತೆಗೆದು ಬಿಸಾಡುತ್ತಿದ್ದರು, ಹೃದಯವನ್ನು ಒಳಗೇ ಬಿಡುತ್ತಿದ್ದರು. ಹಾಗಾಗಿ ಮಾಡಿದ್ದೆಲ್ಲ ಗೊತ್ತಿರುವ ಸಾಕ್ಷಿ ಅದೊಂದೇ. ಅದು ಬಾಯಿ ಬಿಟ್ಟರೆ?

ಅದಕ್ಕೇ ಈ ಸ್ಕ್ಯಾರಬ್‌ನ ತಳದಲ್ಲಿ ಒಂದು ಮಂತ್ರ ಕೆತ್ತುತ್ತಿದ್ದರು. ಸತ್ತವರ ಗ್ರಂಥ ಎಂದು ನಾವು ಕರೆಯುವ ಸಂಗ್ರಹದಲ್ಲಿ ಅದು 30ನೇ ಮಂತ್ರ. ತಾಯಿಯಿಂದ ಬಂದ ನನ್ನ ಹೃದಯವೇ, ನನ್ನ ವಿರುದ್ಧ ಸಾಕ್ಷಿಯಾಗಿ ನಿಲ್ಲಬೇಡ ಎಂಬುದು ಅದರ ಹುರುಳು. ತನ್ನ ಹೃದಯವನ್ನೇ ಕೈಮುಗಿದು ಬೇಡಿಕೊಳ್ಳುವ ಈ ಸಾಲುಗಳನ್ನು ಓದುವಾಗ ಸಾವಿರಾರು ವರ್ಷದ ದೂರ ಮರೆತುಹೋಗುತ್ತದೆ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸೊಬೆಕೆಮ್ಸಾಫ್ ಎಂಬ ರಾಜನ ಹೆಸರಿನ ಹೃದಯದ ಸ್ಕ್ಯಾರಬ್ ಇದೆ. ಹಸಿರು ಜಾಸ್ಪರ್ ಕಲ್ಲು, ಚಿನ್ನದ ಕಟ್ಟು. ಹುಳಕ್ಕೆ ಮನುಷ್ಯನ ಮುಖವಿದೆ. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಹತ್‌ನೆಫರ್ ಎಂಬಾಕೆಯದು ಇದೆ. ಆಕೆ ಹಟ್‌ಶೆಪ್ಸುಟ್ ರಾಣಿಯ ಹೆಸರಾಂತ ಅಧಿಕಾರಿ ಸೆನೆನ್ಮುತ್‌ನ ತಾಯಿ. ಅದನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಮೊದಲಿದ್ದ ಬರಹವನ್ನು ಅಳಿಸಿ ಆಕೆಯ ಹೆಸರನ್ನು ಸೇರಿಸಿದ್ದಾರೆ. ಅಂದರೆ ಮೂಲದಲ್ಲಿ ಅದು ಆಕೆಗಾಗಿ ಮಾಡಿದ್ದಲ್ಲ.

ರಾಜರು ಇದನ್ನು ಸುದ್ದಿ ಹರಡಲು ಬಳಸಿದ್ದರು ಎನ್ನುತ್ತಾರಲ್ಲ?

ಹೌದು, ಮೂರನೇ ಆಮೆನ್‌ಹೋಟೆಪ್. ಸುಮಾರು ಕ್ರಿ.ಪೂ. 1390ರಿಂದ 1352ರವರೆಗೆ ಆಳಿದವನು. ಅಂಗೈ ತುಂಬುವಷ್ಟು ದೊಡ್ಡ ಸ್ಕ್ಯಾರಬ್ ಮಾಡಿಸಿ, ತಳದಲ್ಲಿ ಸಾಲು ಸಾಲಾಗಿ ಸುದ್ದಿ ಬರೆಸಿ ಹಂಚಿದ. ಹೀಗೆ ಉಳಿದಿರುವವು 200ಕ್ಕೂ ಹೆಚ್ಚು. ಸುದ್ದಿಗಳು ಐದು ಬಗೆ.

ಒಂದರಲ್ಲಿ ರಾಣಿ ತಿಯೆಯ ಪರಿಚಯ. ಅವಳ ತಂದೆ ಯುಯ, ತಾಯಿ ತುಯ ಎಂದು ಹೆಸರು ಹಾಕಿ, ಇವಳು ದಕ್ಷಿಣಕ್ಕೆ ಕರೊಯ್, ಉತ್ತರಕ್ಕೆ ನಹರಿನ್ ವರೆಗೆ ಗಡಿ ಇರುವ ರಾಜನ ಹೆಂಡತಿ ಎನ್ನುತ್ತದೆ. ಯುಯ, ತುಯ ರಾಜಮನೆತನದವರಲ್ಲ. ಅವರ ಹೆಸರನ್ನು ಇಷ್ಟು ಹೆಮ್ಮೆಯಿಂದ ಹಾಕಿಸಿದ್ದು ಗಮನಿಸಬೇಕಾದ ಮಾತು. ಇನ್ನೊಂದರಲ್ಲಿ ಮೊದಲ ಹತ್ತು ವರ್ಷದಲ್ಲಿ ರಾಜ ತಾನೇ ಬಾಣ ಬಿಟ್ಟು ಕೊಂದ 102 ಸಿಂಹಗಳ ಲೆಕ್ಕ. ಜಾಸ್ತಿ ಸಿಕ್ಕಿರುವುದು ಈ ಸಿಂಹ ಬೇಟೆಯವೇ. ಮೂರನೆಯದು ಕಾಡುಗೂಳಿಗಳ ಬೇಟೆ. ನಾಲ್ಕನೆಯದರಲ್ಲಿ 10ನೇ ವರ್ಷ ಸಿರಿಯಾ ಕಡೆಯ ಮಿತನ್ನಿ ರಾಜ್ಯದ ರಾಜಕುಮಾರಿ ಗಿಲುಖೆಪ 317 ಹೆಂಗಸರ ಪರಿವಾರದ ಜೊತೆ ಬಂದ ಸುದ್ದಿ. ಐದನೆಯದು 11ನೇ ವರ್ಷ ತಿಯೆಗಾಗಿ ಕೆರೆ ತೋಡಿಸಿದ್ದು. ಉದ್ದ 3700 ಮೊಳ. ಅವರ ರಾಜಮೊಳ ಸುಮಾರು 52 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ 1.9 ಕಿಲೋಮೀಟರ್.

ಈ ಸ್ಕ್ಯಾರಬ್‌ಗಳು ಸುಡಾನಿನಿಂದ ಸಿರಿಯಾದ ರಾಸ್ ಶಮ್ರಾವರೆಗೆ ಸಿಕ್ಕಿವೆ.

ರಾಜನ ಹೆಸರಿದ್ದರೆ ಅದು ಆ ರಾಜನ ಕಾಲದ್ದೇ ತಾನೇ?

ಹಾಗೆ ಹೇಳಲು ಬರುವುದಿಲ್ಲ. ಮೂರನೇ ಥುಟ್‌ಮೋಸ್‌ನ ಪಟ್ಟದ ಹೆಸರು ಮೆನ್‌ಖೆಪೆರ್ರೆ. ಅವನು ಸತ್ತಿದ್ದು ಸುಮಾರು ಕ್ರಿ.ಪೂ. 1425ರಲ್ಲಿ. ಆದರೆ ಆ ಹೆಸರಿನ ಸ್ಕ್ಯಾರಬ್‌ಗಳನ್ನು ಮುಂದೆ ನೂರಾರು ವರ್ಷ ಮಾಡುತ್ತಲೇ ಇದ್ದರು. ಆ ಹೆಸರೇ ಒಂದು ರಕ್ಷೆ ಎಂಬ ನಂಬಿಕೆ ಬೆಳೆದಿತ್ತು.

ಹಾಗಾಗಿ ಕಾಲ ಹೇಳಲು ತಜ್ಞರು ಬೇರೆ ಗುರುತು ನೋಡುತ್ತಾರೆ. ತಲೆಯ ಆಕಾರ ಹೇಗಿದೆ, ರೆಕ್ಕೆಯ ನಡುವಿನ ಗೆರೆ ಒಂದೋ ಎರಡೋ, ಪಕ್ಕದಿಂದ ನೋಡಿದರೆ ಕಾಲುಗಳನ್ನು ಹೇಗೆ ಕೆತ್ತಿದ್ದಾರೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಯಾವ ಮಣ್ಣಿನ ಪದರದಲ್ಲಿ, ಯಾವ ಮಡಕೆಯ ಪಕ್ಕ ಸಿಕ್ಕಿತು ಎಂಬುದು. ಆ ಮಾಹಿತಿ ಇಲ್ಲದ ಸ್ಕ್ಯಾರಬ್ ಎಷ್ಟೇ ಚೆಂದ ಇದ್ದರೂ ಅರ್ಧ ಮೂಕ.

ಟುಟಾಂಖಾಮನ್‌ನ ಹಳದಿ ಸ್ಕ್ಯಾರಬ್ ಉಲ್ಕೆಯದ್ದಾ?

ಉಲ್ಕೆಯದ್ದಲ್ಲ, ಅಂಥದ್ದೇ ಒಂದು ಘಟನೆಯಿಂದ ಹುಟ್ಟಿದ ಗಾಜಿನದು. ಈ ರಾಜನ ಎದೆಯ ಆಭರಣವೊಂದರ ನಡುವೆ ತಿಳಿ ಹಳದಿಯ ಸ್ಕ್ಯಾರಬ್ ಇದೆ. ಸಮಾಧಿ ತೆರೆದ ಹೋವರ್ಡ್ ಕಾರ್ಟರ್ ಅದನ್ನು ಒಂದು ಬಗೆಯ ಬೆಣಚು ಕಲ್ಲು ಎಂದು ಬರೆದುಕೊಂಡಿದ್ದ. 1990ರ ದಶಕದಲ್ಲಿ ಪರೀಕ್ಷಿಸಿದಾಗ ಅದು ಲಿಬಿಯನ್ ಮರುಭೂಮಿ ಗಾಜು ಎಂದು ತಿಳಿಯಿತು. ಸುಮಾರು 2.9 ಕೋಟಿ ವರ್ಷದ ಹಿಂದೆ ಆಕಾಶಕಾಯ ಅಪ್ಪಳಿಸಿದ ಶಾಖಕ್ಕೆ ಮರಳು ಕರಗಿ ಆದ ಗಾಜು ಅದು. ಈಜಿಪ್ಟಿನ ಪಶ್ಚಿಮ ಗಡಿಯ ಮರಳುಗಾಡಿನಲ್ಲಿ ಈಗಲೂ ಅದರ ಚೂರುಗಳು ಸಿಗುತ್ತವೆ.

ಈಜಿಪ್ಟ್ ಬಿಟ್ಟು ಬೇರೆ ಕಡೆ ಸಿಕ್ಕಿವೆಯಾ?

ಧಾರಾಳವಾಗಿ. ಪ್ಯಾಲೆಸ್ಟೈನ್, ಇಸ್ರೇಲ್ ಭಾಗದಲ್ಲಿ ಬಹಳ ಸಿಕ್ಕಿವೆ, ಅಲ್ಲಿನವರು ತಾವೇ ಕೆತ್ತಿದವೂ ಅದರಲ್ಲಿವೆ. ನೈಲ್ ನದಿಯ ಮುಖಜ ಭೂಮಿಯಲ್ಲಿ ಗ್ರೀಕರು ನೆಲೆಸಿದ್ದ ನೌಕ್ರಾಟಿಸ್ ಪಟ್ಟಣದಲ್ಲಿ ಸ್ಕ್ಯಾರಬ್ ಕಾರ್ಖಾನೆಯೇ ಇತ್ತು. 1884–85ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಗೆದಾಗ ಅದರ ಅಚ್ಚುಗಳು ಸಿಕ್ಕವು. ಇಟಲಿಯ ಎಟ್ರಸ್ಕನ್ ಜನ ಕೆಂಪು ಕಾರ್ನೀಲಿಯನ್ ಕಲ್ಲಿನಲ್ಲಿ ಸ್ಕ್ಯಾರಬ್ ಕೆತ್ತಿ, ತಳದಲ್ಲಿ ಗ್ರೀಕ್ ವೀರರ ಚಿತ್ರ ಹಾಕಿಕೊಂಡರು.

ಟರ್ಕಿಯ ಉಲುಬುರುನ್ ಬಳಿ ಸಮುದ್ರದ ತಳದಲ್ಲಿ 3300 ವರ್ಷ ಹಳೆಯ ಹಡಗೊಂದು ಸಿಕ್ಕಿದೆ. ಅದರಲ್ಲಿ ನೆಫರ್ಟಿಟಿ ರಾಣಿಯ ಹೆಸರಿನ ಚಿನ್ನದ ಸ್ಕ್ಯಾರಬ್ ಇತ್ತು. ಈಗ ಬೊದ್ರುಮ್‌ನ ಮ್ಯೂಸಿಯಂನಲ್ಲಿದೆ.

ಎಲ್ಲಕ್ಕಿಂತ ದೊಡ್ಡ ಸ್ಕ್ಯಾರಬ್ ಎಲ್ಲಿದೆ?

ಕಟ್ಟಿಕೊಳ್ಳುವ ತಾಯತಕ್ಕೂ ಈ ದೊಡ್ಡ ಶಿಲ್ಪಗಳಿಗೂ ಹೋಲಿಕೆ ಇಲ್ಲ. ಈಜಿಪ್ಟಿನ ಲಕ್ಸರ್ ಊರಿನ ಕಾರ್ನಾಕ್ ದೇವಸ್ಥಾನದ ಪುಷ್ಕರಿಣಿಯ ಪಕ್ಕದಲ್ಲಿ ಎತ್ತರದ ಪೀಠದ ಮೇಲೆ ಒಂದು ಗ್ರಾನೈಟ್ ಸ್ಕ್ಯಾರಬ್ ಇದೆ. ಅದೂ ಮೂರನೇ ಆಮೆನ್‌ಹೋಟೆಪ್‌ನದೇ. ಪ್ರವಾಸಿಗರು ಹರಕೆ ಹೊತ್ತು ಅದಕ್ಕೆ ಸುತ್ತು ಹಾಕುತ್ತಾರೆ. ಇದು ಹಳೆಯ ಈಜಿಪ್ಟಿನ ಆಚರಣೆಯಲ್ಲ, ಪ್ರವಾಸಿಗರ ನಡುವೆ ಬೆಳೆದದ್ದು. ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದೂವರೆ ಮೀಟರ್ ಉದ್ದದ್ದು ಇದೆ. ಅದು ಸಿಕ್ಕಿದ್ದು ಇಸ್ತಾಂಬುಲ್‌ನಲ್ಲಿ.

ನಿಜವಾದ ಹುಳಗಳನ್ನೂ ಮಮ್ಮಿ ಮಾಡಿದ್ದರಾ?

ಮಾಡಿದ್ದರು. 2018ರಲ್ಲಿ ಈಜಿಪ್ಟಿನ ಸಕ್ಕಾರಾ ಎಂಬ ಹಳೆಯ ಸ್ಮಶಾನದಲ್ಲಿ ಬಟ್ಟೆ ಸುತ್ತಿದ ಹುಳಗಳು ಚಿಕ್ಕ ಸುಣ್ಣಕಲ್ಲಿನ ಪೆಟ್ಟಿಗೆಯಲ್ಲಿ ಸಿಕ್ಕವು.

ಮುಟ್ಟಿದರೆ ಶಾಪ ತಟ್ಟುತ್ತದೆಯಾ?

ಇಲ್ಲ. ಇದನ್ನು ಮಾಡಿದ್ದೇ ಒಳ್ಳೆಯದಾಗಲಿ ಎಂದು. ಸಿನಿಮಾದಲ್ಲಿ ಮನುಷ್ಯರನ್ನು ತಿನ್ನುವ ಹುಳಗಳಿಗೂ ಈ ಸಾಧು ಸಗಣಿ ಹುಳಕ್ಕೂ ಸಂಬಂಧವೇ ಇಲ್ಲ.

ಮ್ಯೂಸಿಯಂನಲ್ಲಿ ಇರುವುದೆಲ್ಲ ಅಸಲಿಯೇ?

ಬಹುಪಾಲು ಅಸಲಿ. ಆದರೆ ದೊಡ್ಡ ಸಂಸ್ಥೆಗಳೂ ಮೋಸ ಹೋಗಿವೆ. ಈಜಿಪ್ಟಿನ ರಾಜ ನೆಕೊನ ಆಜ್ಞೆಯಂತೆ ಫಿನೀಷಿಯನ್ ನಾವಿಕರು ಆಫ್ರಿಕಾ ಸುತ್ತಿ ಬಂದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. 20ನೇ ಶತಮಾನದ ಮೊದಲ ದಶಕದಲ್ಲಿ ಆ ಯಾನವನ್ನೇ ವರ್ಣಿಸುವ ಎರಡು ದೊಡ್ಡ ಸ್ಕ್ಯಾರಬ್‌ಗಳು ಬ್ರಸೆಲ್ಸ್‌ನ ಮ್ಯೂಸಿಯಂಗೆ ಬಂದವು. ವಿದ್ವಾಂಸರು ಸಂಭ್ರಮಪಟ್ಟರು. 1908ರಲ್ಲಿ ಬರ್ಲಿನ್ನಿನ ಅಡಾಲ್ಫ್ ಎರ್ಮನ್ ಮತ್ತು ಹೈನ್ರಿಶ್ ಶೇಫರ್ ಬರಹವನ್ನು ಪರೀಕ್ಷಿಸಿ, ಇವು ನಕಲಿ ಎಂದು ತೋರಿಸಿಕೊಟ್ಟರು. ನಾವು ಯಾವುದು ಸಿಗಲಿ ಎಂದು ಆಸೆಪಡುತ್ತೇವೋ ಅದನ್ನೇ ನಕಲಿ ಮಾಡುವವರು ತಂದುಕೊಡುತ್ತಾರೆ.

ಆನ್‌ಲೈನ್‌ನಲ್ಲಿ ಮಾರಾಟಕ್ಕಿದೆ. ಕೊಳ್ಳಬಹುದಾ?

ದಯವಿಟ್ಟು ಬೇಡ. 1983ರ 117ನೇ ಕಾನೂನು ಈಜಿಪ್ಟಿನಲ್ಲಿ ಪುರಾತನ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿದೆ. ಅದಕ್ಕೂ ಮುಂಚೆ ಹೊರಬಂದದ್ದು ಎಂಬುದಕ್ಕೆ ಗಟ್ಟಿ ದಾಖಲೆ ಇಲ್ಲದ ಸ್ಕ್ಯಾರಬ್ ಒಂದೋ ನಕಲಿ, ಇಲ್ಲವೇ ಕದ್ದು ಅಗೆದದ್ದು ಇರಬಹುದು. ಕದ್ದು ಅಗೆಯುವವನು ಒಂದು ಹುಳಕ್ಕಾಗಿ ಇಡೀ ಸಮಾಧಿಯನ್ನು ಕೆದಕಿ ಹಾಕುತ್ತಾನೆ. ಮಡಕೆ, ಮೂಳೆ, ಮಣ್ಣಿನ ಪದರ ಎಲ್ಲ ಹಾಳು. ಅದನ್ನು ಮತ್ತೆ ಜೋಡಿಸಲು ಯಾರಿಂದಲೂ ಆಗುವುದಿಲ್ಲ. ಲಕ್ಸರ್‌ಗೆ ಹೋದಾಗ ನೆನಪಿಗೆ ಬೇಕಿದ್ದರೆ ಹೊಸದಾಗಿ ಕೆತ್ತಿದ್ದು ಎಂದು ಹೇಳಿಯೇ ಮಾರುವವರಿಂದ ತೆಗೆದುಕೊಳ್ಳಿ. ಅಲ್ಲಿನ ಕೆತ್ತನೆಗಾರರ ಕೈ ಚೆನ್ನಾಗಿದೆ.

ಅಷ್ಟು ದೂರ ಹೋಗಲು ಆಗದವರು ಎಲ್ಲಿ ನೋಡಬಹುದು?

ಫೋನಿನಲ್ಲೇ. ಮೆಟ್ರೊಪಾಲಿಟನ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನ ಪೆಟ್ರಿ ಮ್ಯೂಸಿಯಂ, ಟ್ಯೂರಿನ್‌ನ ಈಜಿಪ್ಟ್ ಮ್ಯೂಸಿಯಂ ತಮ್ಮ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ನೋಡಲು ದುಡ್ಡು ಕೊಡಬೇಕಿಲ್ಲ. ಮೊದಲು ತಳದ ಚಿತ್ರ ತೆರೆಯಿರಿ, ಬೆನ್ನನ್ನು ಆಮೇಲೆ ನೋಡಿ. ಒಂದು ಅಂಡಾಕಾರದ ಗೆರೆಯೊಳಗೆ ಅಕ್ಷರಗಳಿದ್ದರೆ ಅದು ಹೆಚ್ಚಾಗಿ ರಾಜನ ಹೆಸರು. ಆ ಅಂಡಾಕಾರದೊಳಗೆ ದುಂಡಗಿನ ಸೂರ್ಯ, ಚೌಕದ ಮೇಲೆ ಹಲ್ಲಿನಂಥ ಮೊನೆಗಳಿರುವ ಒಂದು ಗುರುತು, ಕೆಳಗೆ ಒಂದು ಚಿಕ್ಕ ಹುಳ ಕಂಡರೆ ನೀವು ಮೆನ್‌ಖೆಪೆರ್ರೆ ಹೆಸರನ್ನು ಓದಿದಿರಿ ಎಂದೇ ಅರ್ಥ. ಆಮೇಲೆ ಕೆಳಗಿನ ಮಾಹಿತಿಯಲ್ಲಿ 'ಸಿಕ್ಕಿದ ಜಾಗ' ಎಂಬ ಸಾಲು ಹುಡುಕಿ. ಅಲ್ಲಿ ಊರಿನ ಹೆಸರು, ಸಮಾಧಿಯ ಸಂಖ್ಯೆ ಇದ್ದರೆ ಅದೇ ಸಮಾಧಿಯಲ್ಲಿ ಜೊತೆಗೆ ಸಿಕ್ಕ ಮಣಿ, ಮಡಕೆ, ಕನ್ನಡಿಗಳನ್ನೂ ಹುಡುಕಿ ನೋಡಿ.